ನಿಮಗಿದು ಗೊತ್ತೇ? ಅಮೆರಿಕದಲ್ಲಿ ಕರಿ ವೈರೇ ಶಾಕ್ ಹೊಡೆಯುವ ವೈರು!

ಶಿರಹಟ್ಟಿಯ ಮನೆಯಲ್ಲಿ ಬಟನ್ ಕೆಳಗೆ ಒತ್ತಿದರೆ ದೀಪ ಹತ್ತುತ್ತದೆ. ಅಮೆರಿಕದಲ್ಲಿ ಕೆಳಗೆ ಒತ್ತಿದರೆ ಆರುತ್ತದೆ! ಅಲ್ಲಿ ಮೇಲಕ್ಕೆ ಎತ್ತಬೇಕು. ಮಗನ ಮನೆಗೆ ಹೋದ ಅಪ್ಪ-ಅವ್ವ ಮೊದಲ ವಾರವೆಲ್ಲ ಗೋಡೆಯ ಬಟನ್ ಜೊತೆ ಜಗಳ ಆಡುವುದು ಇದಕ್ಕೇ.

ಇನ್ನೂ ಮಜಾ ಕೇಳಿ. ಬಟನ್ ಮೇಲೆತ್ತಿದರೂ ಅಲ್ಲಿನ ಎಷ್ಟೋ ಕೋಣೆಗಳಲ್ಲಿ ದೀಪ ಹತ್ತುವುದಿಲ್ಲ. ಮೇಲೆ ದೀಪವೇ ಇರುವುದಿಲ್ಲ! ಅಡುಗೆಮನೆ, ಬಚ್ಚಲುಮನೆ ಬಿಟ್ಟು ಉಳಿದ ಕೋಣೆಗಳಿಗೆ ಸೀಲಿಂಗ್ ದೀಪ ಬೇಕೇ ಬೇಕು ಅಂತ ಅಲ್ಲಿನ ವಿದ್ಯುತ್ ನಿಯಮ ಹೇಳುವುದಿಲ್ಲ. ಗೋಡೆಯ ಬಟನ್ ಒಂದು ಸಾಕೆಟ್ಟಿಗೆ ಕರೆಂಟ್ ಕೊಟ್ಟರೂ ಸಾಕು. ಆ ಸಾಕೆಟ್ಟಿಗೆ ನೆಲದ ಮೇಲೆ ನಿಲ್ಲುವ ಒಂದು ಲ್ಯಾಂಪ್ ತಂದು ಚುಚ್ಚಿಕೊಳ್ಳುವುದು ನಿಮ್ಮ ಕೆಲಸ.

ಆ ಸಾಕೆಟ್ಟಿನದೂ ಒಂದು ತಮಾಷೆ. ಮೇಲೊಂದು, ಕೆಳಗೊಂದು ಅಂತ ಜೋಡಿ ಇರುತ್ತದೆ. ಬಹಳ ಮನೆಗಳಲ್ಲಿ ಒಂದು ಮಾತ್ರ ಬಟನ್ ಮಾತು ಕೇಳುತ್ತದೆ, ಇನ್ನೊಂದರಲ್ಲಿ ಹಗಲಿರುಳೂ ಕರೆಂಟ್. ಮೊಬೈಲ್ ಚಾರ್ಜರನ್ನು ತಪ್ಪು ತೂತಿಗೆ ಚುಚ್ಚಿ ದೀಪ ಆರಿಸಿ ಮಲಗಿದಿರೋ, ಬೆಳಿಗ್ಗೆ ಮೊಬೈಲ್ ಸತ್ತಿರುತ್ತದೆ!

ಜರ್ಮನಿಗೆ ಹೋದರೆ ಬೇರೆಯದೇ ಗಮ್ಮತ್ತು. ಬಾಡಿಗೆ ಮನೆಯ ಕೀಲಿ ಕೈಗೆ ಬರುತ್ತದೆ. ಬಾಗಿಲು ತೆರೆದು ಮೇಲೆ ನೋಡಿದರೆ ಕೋಣೆಯ ನಡುವೆ ಮೂರು ವೈರಿನ ತುದಿಗಳು ಜೋತು ಬಿದ್ದಿರುತ್ತವೆ. ಬಲ್ಬ್ ಇಲ್ಲ, ಹೋಲ್ಡರ್ ಕೂಡ ಇಲ್ಲ! ಹಿಂದೆ ಇದ್ದವರು ತಮ್ಮ ದೀಪ ಬಿಚ್ಚಿಕೊಂಡು ಹೋಗಿರುತ್ತಾರೆ. ಎಷ್ಟೋ ಕಡೆ ಅಡುಗೆಮನೆಯ ಕಪಾಟು, ಸಿಂಕ್ ಸಮೇತ! ನಮ್ಮ ಕಡೆ ಮನೆ ಖಾಲಿ ಮಾಡುವಾಗ ಬಲ್ಬ್ ಬಿಚ್ಚಿಕೊಂಡರೆ ಓಣಿಯವರೆಲ್ಲ ಆಡಿಕೊಂಡು ನಗುತ್ತಾರೆ.

ಆ ಮೂರು ವೈರುಗಳಿಗೆ ದೀಪ ಜೋಡಿಸುವ ಪುಟ್ಟ ಕನೆಕ್ಟರ್‌ಗೆ ಜರ್ಮನರ ಹೆಸರು ಕೇಳಿ: ಲ್ಯೂಸ್ಟರ್‌ಕ್ಲೆಮ್ಮ. ಲ್ಯೂಸ್ಟರ್ ಅಂದರೆ ಅರಮನೆಯ ತೂಗುಗೊಂಚಲ ದೀಪ. ಒಂದು ಕೋಣೆಯ ಬಾಡಿಗೆ ಮನೆಯಲ್ಲಿ 9 ವ್ಯಾಟಿನ ಬಲ್ಬ್ ನೇತುಹಾಕಲು ಬೇಕಾದ ವಸ್ತುವಿಗೆ ಅರಮನೆಯ ಹೆಸರು!

ಜಪಾನಿನವರು ಇದನ್ನೆಲ್ಲ ಸುಲಭ ಮಾಡಿಬಿಟ್ಟಿದ್ದಾರೆ. ಅಲ್ಲಿ ಸೀಲಿಂಗಿಗೇ ಒಂದು ಸಾಕೆಟ್! ಅದರ ಹೆಸರು ಹಿಕ್ಕಾಕೆ, ಅಂದರೆ ಸಿಕ್ಕಿಸುವುದು. ಹೊಸ ದೀಪ ತಂದು ಸಿಕ್ಕಿಸಿ ಒಂದಿಷ್ಟು ತಿರುವಿದರೆ ಕಟಕ್ ಅಂತ ಕೂರುತ್ತದೆ. ವೈರ್ ಮುಟ್ಟುವ ಮಾತೇ ಇಲ್ಲ. ಇಷ್ಟು ಒಳ್ಳೆಯ ಉಪಾಯ ಊರೂರಿಗೆ ಯಾಕೆ ಹಬ್ಬಲಿಲ್ಲವೋ!

ಆಸ್ಟ್ರೇಲಿಯಾದಲ್ಲಿ ನೀವು ಬಲ್ಬ್ ಬದಲಾಯಿಸಬಹುದು. ಆದರೆ ವೈರಿಗೆ ಜೋಡಿಸಿದ ದೀಪ ಇಳಿಸಿ ಬೇರೆ ದೀಪ ಏರಿಸಿದರೆ ಕಾನೂನು ಮುರಿದಂತೆ! ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಬರಬೇಕು. ಪಕ್ಕದ ನ್ಯೂಜಿಲೆಂಡಿನಲ್ಲಾದರೆ ಸ್ವಂತ ಮನೆಯವರಿಗೆ ಇಂಥ ಸಣ್ಣ ಕೆಲಸಕ್ಕೆ ಅವಕಾಶವಿದೆ. ಸಮುದ್ರ ದಾಟುವಷ್ಟರಲ್ಲಿ ತಪ್ಪು ಸರಿಯಾಗಿಬಿಡುತ್ತದೆ!

ಈಗ ನಮ್ಮ ಮನೆಯ ಕಥೆ. ನನ್ನ ಅಕ್ಕನ ಮಗ ಅಮೆರಿಕದಲ್ಲಿ ಮನೆ ಕೊಂಡ. ಲಕ್ಷ್ಮೇಶ್ವರದಿಂದ ಹೊರಟ ಅಕ್ಕ, ಶೇಂಗಾ ಚಟ್ನಿ, ಕಟಕ ರೊಟ್ಟಿಯ ಗಂಟಿನ ನಡುವೆ ನಾಲ್ಕು ಎಲ್‌ಇಡಿ ಬಲ್ಬುಗಳನ್ನು ಸೀರೆಯಲ್ಲಿ ಸುತ್ತಿ ಒಯ್ದಳು. ಒಂದೂ ಒಡೆಯಲಿಲ್ಲ. ಒಂದೂ ಕೂರಲೂ ಇಲ್ಲ!

ಯಾಕೆ ಗೊತ್ತೇ? ನಮ್ಮ ಬಲ್ಬಿನ ಕುತ್ತಿಗೆಗೆ ಎರಡು ಕಡೆ ಸಣ್ಣ ಮೊಳೆ ಇರುತ್ತವೆ. ಒತ್ತಿ, ತಿರುವಿದರೆ ಕೂತಿತು. ಅಳತೆ 22 ಮಿಲಿಮೀಟರ್. ಅಮೆರಿಕದ ಬಲ್ಬಿಗೆ ಬಾಟಲಿ ಮುಚ್ಚಳದ ಹಾಗೆ ಆಂಟೆ. ಸುತ್ತಿ ಸುತ್ತಿ ಕೂರಿಸಬೇಕು. ಅದರ ಅಳತೆ 26. ಯುರೋಪಿನಲ್ಲೂ ಆಂಟೆಯೇ, ಆದರೆ 27! ಅಳತೆಯ ಮುಂದೆ ಇಂಗ್ಲಿಷಿನ ಇ ಅಕ್ಷರ ಇರುತ್ತದೆ. ಇ ಅಂದರೆ ಎಡಿಸನ್. ಆತ ಸತ್ತು ತೊಂಬತ್ತು ವರ್ಷ ದಾಟಿದರೂ ಬಲ್ಬಿನ ಬುಡದಲ್ಲಿ ಇನ್ನೂ ಕೂತಿದ್ದಾನೆ!

ಅಕ್ಕ ಅದೇ ಬಲ್ಬುಗಳನ್ನು ಲಂಡನ್ನಿಗೆ ಒಯ್ದಿದ್ದರೆ ಸಲೀಸಾಗಿ ಕೂರುತ್ತಿದ್ದವು. ನಮ್ಮ ಮೊಳೆ ಬಲ್ಬ್ ಬಂದದ್ದೇ ಅಲ್ಲಿಂದ.

ಆಂಟೆ ಬಲ್ಬಿನ ಮಾತು ಬಂತು, ಇದನ್ನೂ ಕೇಳಿಬಿಡಿ. ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಬಲ್ಬ್ ಕಳ್ಳರ ಕಾಟ ಹೆಚ್ಚಾಗಿ, ಎಡಕ್ಕೆ ಸುತ್ತುವ ಉಲ್ಟಾ ಆಂಟೆಯ ಬಲ್ಬ್ ಹಾಕಿದರು. ಕದ್ದೊಯ್ದರೂ ಮನೆಯ ಹೋಲ್ಡರಿನಲ್ಲಿ ಕೂರುವುದೇ ಇಲ್ಲ!

ಬಲ್ಬ್ ಬಿಡಿ, ಅದು ಕೂರದಿದ್ದರೆ ಯಾರೂ ಸಾಯುವುದಿಲ್ಲ. ಇನ್ನು ಮುಂದಿನದು ಎದೆ ಝಲ್ ಎನ್ನಿಸುವಂಥದ್ದು.

ಅಕ್ಕನ ಮಗ ಸ್ಟೂಲ್ ಹತ್ತಿ ಹಳೆಯ ದೀಪ ಇಳಿಸಿದ. ಧೈರ್ಯಕ್ಕೆ ಬೆಟಗೇರಿಯ ವೈರ್‌ಮನ್ ಒಬ್ಬರಿಗೆ ವಿಡಿಯೊ ಕಾಲ್ ಹಚ್ಚಿದ. ಮೂವತ್ತು ವರ್ಷ ಮನೆಮನೆಗೆ ವೈರಿಂಗ್ ಎಳೆದ ಕೈ ಅವರದು. ತಂತಿಯ ದಪ್ಪವನ್ನು ಇವತ್ತಿಗೂ ತ್ರೀ ಟ್ವೆಂಟಿ, ಸೆವೆನ್ ಟ್ವೆಂಟಿ ಅಂತಲೇ ಹೇಳುವವರು.

“ಕಾಕಾ, ಇಲ್ಲಿ ಕರೇದೊಂದು, ಬಿಳೇದೊಂದು ವೈರ್ ಅದಾವ್ರಿ. ಕೆಂಪಂದು ಇಲ್ರಿ.”

“ಕರೇದು ನ್ಯೂಟ್ರಲ್ ಬಿಡೊ ತಮ್ಮಾ. ಅದ ಏನೂ ಮಾಡಂಗಿಲ್ಲ.”

ಕೈ ಅರ್ಧ ಮೇಲೆ ಹೋಗಿತ್ತು. ಅಷ್ಟರಲ್ಲಿ ಸ್ಟೂಲ್ ಹಿಡಿದು ನಿಂತಿದ್ದ ಅಕ್ಕ ಕೇಳಿದಳು: “ಮೇನ್ ಬಂದ್ ಮಾಡೀಯಿಲ್ಲೊ?” ಮಾಡಿರಲಿಲ್ಲ!

ಬೆಟಗೇರಿಯ ಕಾಕಾ ಹೇಳಿದ್ದು ಬೆಟಗೇರಿಗೆ ಸರಿ. ನಮ್ಮಲ್ಲಿ ಕೆಂಪು ಫೇಸ್, ಕರಿ ನ್ಯೂಟ್ರಲ್, ಹಸಿರು ಅರ್ಥ್. ಅಮೆರಿಕದಲ್ಲಿ ಕರಿಯೇ ಫೇಸ್! ಬಿಳಿ ನ್ಯೂಟ್ರಲ್. ಅರ್ಥ್ ವೈರಿಗೆ ಹಸಿರು ಬಣ್ಣ, ಇಲ್ಲವೇ ಬಣ್ಣವೂ ಇಲ್ಲದ ಬರೀ ತಾಮ್ರ. ನಮ್ಮ ಸಾಧು ಬಣ್ಣವೇ ಅವರ ಯಮನ ಬಣ್ಣ! (ನ್ಯೂಟ್ರಲ್ ಏನೂ ಮಾಡುವುದಿಲ್ಲ ಅನ್ನುವುದನ್ನು ನಮ್ಮೂರಲ್ಲೂ ಪೂರ್ತಿ ನಂಬಬೇಡಿ. ಜಾಯಿಂಟ್ ಎಲ್ಲೋ ಬಿಟ್ಟಿದ್ದರೆ ಅದೂ ಹೊಡೆಯುತ್ತದೆ.)

ಯುರೋಪಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ನಮ್ಮ ತ್ರೀ ಫೇಸ್ ಮೀಟರಿನ ಮನೆಗಳಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್. ಅಂದರೆ ಜರ್ಮನಿಯಲ್ಲಿ ನೀಲಿ ನ್ಯೂಟ್ರಲ್ ಅಂತ ಕಲಿತು ಬಂದವನು ಗದಗಿನ ಬೋರ್ಡ್ ಬಿಚ್ಚಿದರೆ ಅವನ ಗತಿ ಏನು!

ಅದೇ ಜರ್ಮನಿಯ 1960ರ ದಶಕಕ್ಕಿಂತ ಹಿಂದಿನ ಮನೆಗಳಲ್ಲಿ ಕೆಂಪು ವೈರ್ ಯಾವುದು, ಊಹಿಸಿ. ಅರ್ಥ್!

ಇಂಗ್ಲೆಂಡಿನವರು ನಮಗೆ ಕೆಂಪು-ಕರಿ ಕಲಿಸಿ ಹೋದರು. ಆಮೇಲೆ ತಾವೇ ಬಣ್ಣ ಬದಲಿಸಿದರು! 2004ರಲ್ಲಿ ಶುರುಮಾಡಿ 2006ರ ಏಪ್ರಿಲ್‌ನಿಂದ ಹೊಸ ವೈರಿಂಗ್ ಎಲ್ಲ ಕಂದು-ನೀಲಿ. ಆದ್ದರಿಂದ ಅಲ್ಲಿನ ಒಂದೇ ಮನೆಯ ಹಳೆಯ ಕೋಣೆಯಲ್ಲಿ ಒಂದು ಬಣ್ಣ, ಹೊಸದಾಗಿ ಕಟ್ಟಿಸಿದ ಕೋಣೆಯಲ್ಲಿ ಇನ್ನೊಂದು ಬಣ್ಣ ಸಿಕ್ಕರೆ ಗಾಬರಿಯಾಗಬೇಡಿ.

ಅಲ್ಲಿನ ಸೀಲಿಂಗ್ ರೋಸ್ ಬಿಚ್ಚಿದರೆ ಮಾತ್ರ ಗಾಬರಿ ಆಗೇ ಆಗುತ್ತದೆ. ನಮ್ಮಲ್ಲಿ ಜಾಯಿಂಟುಗಳೆಲ್ಲ ಬೋರ್ಡಿನ ಡಬ್ಬಿಯಲ್ಲಿ. ದೀಪದ ಹತ್ತಿರ ಬರುವುದು ಎರಡೇ ವೈರು. ಇಂಗ್ಲೆಂಡಿನಲ್ಲಿ ಜಾಯಿಂಟುಗಳೆಲ್ಲ ಮೇಲೆಯೇ. ಮೂರು ಕೇಬಲ್ ಬಂದರೆ ಒಂಬತ್ತು ವೈರು! ಎಷ್ಟೋ ಮನೆಗಳಲ್ಲಿ ಅದರಲ್ಲೊಂದು ನೀಲಿ ವೈರು ನ್ಯೂಟ್ರಲ್ ಅಲ್ಲವೇ ಅಲ್ಲ, ಬಟನ್‌ನಿಂದ ಮರಳಿ ಬಂದ ಫೇಸ್! ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳುವವರು ಜಾಣರು.

ಅಲ್ಲಿನ ಬಚ್ಚಲುಮನೆಯಲ್ಲಿ ಗೋಡೆಗೆ ಸಾದಾ ಬಟನ್ ಹುಡುಕಬೇಡಿ. ಸಿಗುವುದಿಲ್ಲ! ಒದ್ದೆ ಕೈಗೆ ಬಟನ್ ಸಿಗಬಾರದು ಅಂತ ಸೀಲಿಂಗಿನಿಂದ ಒಂದು ದಾರ ಇಳಿಬಿಟ್ಟಿರುತ್ತಾರೆ. ಗುಡಿಯ ಗಂಟೆ ಹಗ್ಗದ ಹಾಗೆ ಜಗ್ಗಿದರೆ ದೀಪ!

ಪ್ಲಗ್ಗಿನದು ಇನ್ನೊಂದು ಕಥೆ. ನಮ್ಮ ಮೂರು ದುಂಡು ಕಡ್ಡಿಯ ಪ್ಲಗ್ ಬ್ರಿಟಿಷರ ಹಳೆಯ ನಮೂನೆ. ಅವರು 1947ರಲ್ಲಿ ಚಪ್ಪಟೆ ಕಡ್ಡಿಯ, ಒಳಗೆ ಫ್ಯೂಸ್ ಇರುವ ಹೊಸ ಪ್ಲಗ್ ತಂದರು. ಅದೇ ವರ್ಷ ನಮ್ಮನ್ನೂ ಬಿಟ್ಟು ಹೋದರು. ಹಳೆಯ ಪ್ಲಗ್ ನಮ್ಮ ಪಾಲಿಗೆ ಉಳಿಯಿತು!

ಆದರೆ ನಮ್ಮ ಗೀಜರಿನ ದಪ್ಪ ಪ್ಲಗ್ ಇದೆಯಲ್ಲ, ಅದರ ಅಣ್ಣತಮ್ಮ ಇಂದಿಗೂ ಲಂಡನ್ನಿನಲ್ಲಿ ಬದುಕಿದ್ದಾನೆ. ಎಲ್ಲಿ? ನಾಟಕ ಮಂದಿರಗಳ ರಂಗದ ದೀಪಗಳಲ್ಲಿ! ಗರುಡ ಸದಾಶಿವರಾಯರಂಥ ನಟರನ್ನು ಕಂಡ ಗದಗಿನ ಜನ ಇದನ್ನು ಕೇಳಿ ಖುಷಿಪಡಬೇಕು.

ಜಗತ್ತಿನಲ್ಲಿ ಒಟ್ಟು 15 ಬಗೆಯ ಪ್ಲಗ್‌ಗಳಿಗೆ ಅಕ್ಷರದ ಹೆಸರು ಕೊಟ್ಟಿದ್ದಾರೆ. ಎಲ್ಲರಿಗೂ ಒಂದೇ ಇರಲಿ ಅಂತ 1986ರಲ್ಲಿ ಹೊಸದೊಂದು ನಮೂನೆ ಮಾಡಿದರು. ಬ್ರೆಜಿಲ್, ದಕ್ಷಿಣ ಆಫ್ರಿಕಾ ಒಪ್ಪಿಕೊಂಡವು. ಉಳಿದವರು ತಮ್ಮದನ್ನು ಬಿಡಲಿಲ್ಲ. ಎಲ್ಲರನ್ನೂ ಒಂದು ಮಾಡಲು ಹೋಗಿ ಪಟ್ಟಿಗೆ ಇನ್ನೊಂದು ಸೇರಿತು ಅಷ್ಟೇ!

ಇನ್ನು ಛಾವಣಿ. ಮುಂಡರಗಿ ಕಡೆಯ ಹಳೆಯ ಮಾಳಿಗೆ ಮನೆಗೆ ಹೋಗಿ ಮೇಲೆ ನೋಡಿ. ತೊಲೆ, ಜಂತಿ, ಅದರ ಮೇಲೆ ಮಣ್ಣು. ಹಗಲಿನ ಸೀಲಿಂಗ್ ದೀಪ ಯಾವುದು? ಬೆಳಕಿಂಡಿ! ವೋಲ್ಟ್ ಇಲ್ಲ, ಬಿಲ್ ಇಲ್ಲ. ತೊಲೆಗೆ ಒಂದು ಮೊಳೆ ಹೊಡೆದರೆ ಹೋಲ್ಡರ್ ನಿಂತಿತು.

ಆಮೇಲೆ ಸ್ಲ್ಯಾಬ್ ಬಂತು. ಕಾಂಕ್ರೀಟ್ ಸುರಿಯುವ ಮೊದಲೇ ಫ್ಯಾನಿನ ಹುಕ್ಕು, ಪೈಪು ಇಟ್ಟಿರಬೇಕು. ಮರೆತರೆ ಡ್ರಿಲ್ ತಿರುಗಿಸಿ ತಿರುಗಿಸಿ ರಟ್ಟೆ ಬೀಳುತ್ತದೆ!

ಅಮೆರಿಕದ ಮನೆಯ ಸೀಲಿಂಗೋ? ಅರ್ಧ ಇಂಚು ದಪ್ಪದ ಜಿಪ್ಸಮ್ ಹಲಗೆ! ಬಲವಾಗಿ ಕುಕ್ಕಿದರೆ ತೂತು. ಅದರ ಮೇಲೆ ಸಾಮಾನ್ಯವಾಗಿ 16 ಇಂಚಿಗೊಂದು ಮರದ ತೊಲೆ. ದೀಪ ಹಾಕಬೇಕಾದರೆ ಮೊದಲು ತೊಲೆ ಎಲ್ಲಿದೆ ಅಂತ ತಟ್ಟಿ ನೋಡಿ, ಇಲ್ಲವೇ ಅಯಸ್ಕಾಂತ ಆಡಿಸಿ ಹುಡುಕಬೇಕು. ನಮ್ಮಜ್ಜಂದಿರ ತೊಲೆ ಮನೆಗಳನ್ನು ಕೆಡವಿ ಸ್ಲ್ಯಾಬ್ ಹಾಕಿಸಿದೆವು, ಮೊಮ್ಮಕ್ಕಳು ಡಾಲರ್ ಕೊಟ್ಟು ಮತ್ತೆ ತೊಲೆ ಮನೆಯನ್ನೇ ಕೊಂಡರು!

ಅಲ್ಲಿ ದೀಪವನ್ನು ಬರೀ ವೈರಿಗೆ ನೇತುಹಾಕುವಂತಿಲ್ಲ. ತೊಲೆಗೆ ಬಿಗಿದ ಒಂದು ಡಬ್ಬಿ ಬೇಕು. ದೀಪದ ಡಬ್ಬಿ 50 ಪೌಂಡ್, ಅಂದರೆ 23 ಕಿಲೋ ಹತ್ತಿರ ತಡೆಯುತ್ತದೆ. ಆದರೂ ಐದಾರು ಕಿಲೋ ಫ್ಯಾನನ್ನು ಅದಕ್ಕೆ ಹಾಕಿದರೆ ತಪ್ಪು! ಫ್ಯಾನ್ ಅಲ್ಲಾಡುತ್ತದಲ್ಲ, ಅದಕ್ಕೆ ಬೇರೆಯೇ ಗಟ್ಟಿ ಡಬ್ಬಿ.

ಹಾಗಂತ ಇಲ್ಲಿಂದ ಫ್ಯಾನ್ ಒಯ್ಯಬೇಡಿ. ನಮ್ಮದು 230 ವೋಲ್ಟ್, ಅವರದು 120. ನಮ್ಮ ಫ್ಯಾನ್ ಅಲ್ಲಿ ಮಲಗಿ ಎದ್ದ ಎತ್ತಿನ ಹಾಗೆ ತಿರುಗುತ್ತದೆ. ನಮ್ಮ ಹಳೆಯ 60 ವ್ಯಾಟ್ ಬಲ್ಬನ್ನು ಹೇಗೋ ಸಿಕ್ಕಿಸಿದರೂ ಬೆಳಕಲ್ಲ, ಕೆಂಡ! ಅವರ ಬಲ್ಬ್ ಇಲ್ಲಿಗೆ ತಂದರೆ ಉಲ್ಟಾ. ಫಳ್ ಅಂತ ಹೊಳೆದು ಅಲ್ಲೇ ಕೈಲಾಸ!

ವೋಲ್ಟ್ ಕಡಿಮೆ ಇದ್ದರೆ ವೈರ್ ಸಣ್ಣದು ಸಾಕು ಅಂದುಕೊಂಡಿರಾ? ತಪ್ಪು! ಅದೇ 60 ವ್ಯಾಟಿಗೆ ಇಲ್ಲಿ ಕಾಲು ಆಂಪಿಯರ್ ಹರಿದರೆ ಅಲ್ಲಿ ಅರ್ಧ ಆಂಪಿಯರ್ ಹರಿಯಬೇಕು. ಅದಕ್ಕೇ ಅವರ ದೀಪದ ವೈರು ನಮ್ಮದಕ್ಕಿಂತ ದಪ್ಪ. ಅದರ ನಂಬರಿನದೂ ತಮಾಷೆ. 14ನೇ ನಂಬರಿನ ವೈರಿಗಿಂತ 12ನೇ ನಂಬರಿನದು ದಪ್ಪ! ನಂಬರ್ ಏರಿದಂತೆ ವೈರ್ ಸೊರಗುತ್ತದೆ.

ಇಷ್ಟಾಗಿಯೂ ಅಮೆರಿಕದ ಮನೆಯೊಳಗೆ 240 ವೋಲ್ಟ್ ಬಂದೇ ಇರುತ್ತದೆ. ಎರಡು ಲೈನ್, ಒಂದೊಂದರಲ್ಲಿ 120. ದೀಪಕ್ಕೆ ಒಂದು ಸಾಕು. ಬಟ್ಟೆ ಒಣಗಿಸುವ ಮಶೀನಿಗೆ ಎರಡನ್ನೂ ಕೂಡಿಸಿ ಕೊಡುತ್ತಾರೆ!

ಟ್ರಾನ್ಸ್‌ಫಾರ್ಮರ್ ಇಟ್ಟು 120ನ್ನು 230 ಮಾಡಿಕೊಂಡರೆ ಆಯಿತಲ್ಲ ಅಂತೀರಾ? ಚಟ್ನಿಯ ಮಿಕ್ಸಿಗೆ ನಡೆಯುತ್ತದೆ. ಫ್ಯಾನಿಗೆ ತಕರಾರು. ಯಾಕೆಂದರೆ ಟ್ರಾನ್ಸ್‌ಫಾರ್ಮರ್ ವೋಲ್ಟ್ ಬದಲಿಸುತ್ತದೆ, ಕರೆಂಟಿನ ತಾಳ ಬದಲಿಸುವುದಿಲ್ಲ. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ-ಮುಂದೆ ಜೀಕುತ್ತದೆ. ಅವರದು 60 ಸಲ. ಫ್ಯಾನಿನ ಮೋಟಾರ್ ಕುಣಿಯುವುದು ಈ ತಾಳಕ್ಕೆ!

ಇದೇ ತಾಳ ನೋಡಿ ಓಡುವ ಹಳೆಯ ಗೋಡೆ ಗಡಿಯಾರಗಳಿದ್ದವು. ಅಮೆರಿಕದ ಅಂಥ ಗಡಿಯಾರವನ್ನು 50ರ ದೇಶಕ್ಕೆ ತಂದರೆ ಗಂಟೆಗೆ ಸರಿಯಾಗಿ 10 ನಿಮಿಷ ಹಿಂದೆ ಬೀಳುತ್ತದೆ. 2018ರಲ್ಲಿ ಯುರೋಪಿಗೆ ಯುರೋಪೇ ಹೀಗೆ ಹಿಂದೆ ಬಿತ್ತು! ಸರ್ಬಿಯಾ-ಕೊಸೊವೊ ಜಗಳದಲ್ಲಿ ಗ್ರಿಡ್ಡಿನ ತಾಳ ಕೂದಲೆಳೆಯಷ್ಟು ನಿಧಾನವಾಗಿ, ಮೈಕ್ರೋವೇವ್ ಓವನ್ ಗಡಿಯಾರಗಳೆಲ್ಲ ಎರಡು ತಿಂಗಳಲ್ಲಿ ಸುಮಾರು ಆರು ನಿಮಿಷ ತಡ!

ಜಪಾನ್ ಅಂತೂ ಒಂದೇ ದೇಶ, ಎರಡು ತಾಳ. ಟೋಕಿಯೊದಲ್ಲಿ 50, ಒಸಾಕಾದಲ್ಲಿ 60! 1895ರಲ್ಲಿ ಟೋಕಿಯೊದವರು ಜರ್ಮನಿಯಿಂದ ಮಶೀನ್ ತರಿಸಿದರು, ಮರುವರ್ಷ ಒಸಾಕಾದವರು ಅಮೆರಿಕದಿಂದ. ಅವತ್ತಿನ ಅಂಗಡಿ ಬಿಲ್ಲಿನ ಜಗಳ ಇವತ್ತಿಗೂ ಮುಗಿದಿಲ್ಲ.

ಗಲ್ಫಿಗೆ ಕೆಲಸಕ್ಕೆ ಹೋಗುವ ನಮ್ಮ ವೈರ್‌ಮನ್‌ಗಳು ಇದನ್ನು ಅಲ್ಲಿ ಹೋದ ಮೇಲೆ ಕಲಿಯುತ್ತಾರೆ. ದುಬೈ, ಕುವೈತ್‌ನಲ್ಲಿ ನಮ್ಮ ಹಾಗೆ 50. ಗಡಿ ದಾಟಿ ಸೌದಿಗೆ ಕಾಲಿಟ್ಟರೆ 60!

ನಗಬೇಡಿ, ನಮ್ಮ ಕರ್ನಾಟಕದಲ್ಲೂ ಒಂದು ಕಾಲಕ್ಕೆ ಬೇರೆ ತಾಳ ಇತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಹರಿದ ಕರೆಂಟಿನ ತಾಳ ಎಷ್ಟು ಗೊತ್ತೇ? 50 ಅಲ್ಲ, 60 ಅಲ್ಲ. ಬರೀ 25! ಅಮೆರಿಕದ ನಯಾಗರಾ ಜಲಪಾತದಲ್ಲೂ ಆಗ ಅದೇ 25.

ಆ ಕಾಲದಲ್ಲಿ ಗದಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ. ಲಕ್ಷ್ಮೇಶ್ವರ ಮೀರಜ ಸಂಸ್ಥಾನದಲ್ಲಿ. ಚಕ್ಕಡಿಯಲ್ಲಿ ಹೋಗಿ ಬರುವಷ್ಟು ದೂರದ ಊರುಗಳಿಗೆ ಮೂರು ದೊರೆತನ! ಮೈಸೂರಿನ ಕರೆಂಟ್ ಈ ಕಡೆ ಬರುವ ಮಾತೆಲ್ಲಿ?

ಈಗ ನೋಡಿ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರದ 765 ಕಿಲೋವೋಲ್ಟ್ ಲೈನ್ ದಕ್ಷಿಣವನ್ನು ಉಳಿದ ದೇಶದ ಗ್ರಿಡ್ಡಿಗೆ ಕೂಡಿಸಿತು. ಅಂದಿನಿಂದ ಮುಂಡರಗಿಯ ಟಿಸಿಯಲ್ಲೂ ಕಾಶ್ಮೀರದ ಟಿಸಿಯಲ್ಲೂ ಒಂದೇ ತಾಳ. ಕಪ್ಪತಗುಡ್ಡದ ಕಡೆ ತಿರುಗುವ ಗಾಳಿಯಂತ್ರಗಳೂ ಅದೇ ತಾಳಕ್ಕೆ ಕರೆಂಟ್ ಕೊಡಬೇಕು!

ಕೂಡದೇ ಇದ್ದದ್ದೂ ಒಮ್ಮೆ ಒಳ್ಳೆಯದೇ ಆಗಿತ್ತು. 2012ರ ಜುಲೈ ಕೊನೆಗೆ ಉತ್ತರ, ಪೂರ್ವದ ಗ್ರಿಡ್ ಕುಸಿದು 60 ಕೋಟಿಗೂ ಹೆಚ್ಚು ಜನರಿಗೆ ಕರೆಂಟ್ ಹೋಯಿತು. ಆ ಹೊಡೆತ ದಕ್ಷಿಣಕ್ಕೆ ತಾಕಲಿಲ್ಲ!

ಪರದೇಶದ ವೋಲ್ಟ್ ನೋಡಲು ವಿಮಾನ ಹತ್ತಬೇಕಿಲ್ಲ. ಗದಗ ಜಂಕ್ಷನ್‌ಗೆ ಹೋಗಿ. ಹಳೆಯ ನೀಲಿ ಬೋಗಿಯೊಳಗೆ ತಲೆ ಎತ್ತಿ ನೋಡಿ. ಆ ಫ್ಯಾನು, ಆ ದೀಪ ನಡೆಯುವುದು 110 ವೋಲ್ಟ್ ಡಿಸಿಯಲ್ಲಿ. ಮನೆಗೆ ಒಯ್ದು ಹಚ್ಚಿದರೆ ಸುಟ್ಟು ಹೋಗುತ್ತದೆ!

ಅಕ್ಕನ ಮಗನ ಮನೆಯ ದೀಪ ಏನಾಯಿತು ಅಂತ ಕೇಳುತ್ತೀರಲ್ಲ. ಮೇನ್ ಬಂದ್ ಮಾಡಿ, ಕರಿಗೆ ಕರಿ, ಬಿಳಿಗೆ ಬಿಳಿ ಹೊಸೆದು, ಅಲ್ಲಿಯವರ ರೂಢಿಯಂತೆ ತುದಿಗೆ ಪ್ಲಾಸ್ಟಿಕ್ ಟೋಪಿ ತಿರುವಿ ಕೂರಿಸಿದ. ನಮ್ಮ ಹಾಗೆ ಟೇಪ್ ಸುತ್ತುವುದಿಲ್ಲ ಅವರು. ದೀಪ ಹತ್ತಿತು. ಬೆಟಗೇರಿಯ ಕಾಕಾ ಆ ಟೋಪಿಯನ್ನು ಮೂರು ಸಲ ಹತ್ತಿರ ಹಿಡಿಸಿ ನೋಡಿ, ಬರುವಾಗ ಒಂದು ಪೊಟ್ಟಣ ತಗೊಂಡು ಬಾ ಅಂದರು!

ಸರಿ, ಈಗ ನೀವು ಎದ್ದು ನಿಮ್ಮ ಮೊಬೈಲ್ ಚಾರ್ಜರ್ ಕಿತ್ತು ಹಿಂಬದಿಯ ಸಣ್ಣ ಅಕ್ಷರ ಓದಿ. 100ರಿಂದ 240 ವೋಲ್ಟ್, 50-60 ಹರ್ಟ್ಜ್ ಅಂತ ಇದೆಯೇ? ಹಾಗಿದ್ದರೆ ಪ್ಲಗ್ ಹೊಂದುವ ಒಂದು ಅಡಾಪ್ಟರ್ ಇಟ್ಟುಕೊಳ್ಳಿ ಸಾಕು, ಈ ಲೇಖನದಲ್ಲಿ ಬಂದ ಮನೆಗಳಲ್ಲೆಲ್ಲ ಅದು ನಡೆಯುತ್ತದೆ. ಇನ್ನು ತಲೆಯ ಮೇಲಿನ ಬಲ್ಬಿನ ಬುಡದಲ್ಲಿ ಏನು ಬರೆದಿದೆ? ಬಟನ್ ಆರಿಸಿ, ಬಿಸಿ ಇಳಿದ ಮೇಲೆ ಬಿಚ್ಚಿ ನೋಡಿ!